ನಿನ್ನೆ ಇಳಿದ ವಿಮಾನ ಇವತ್ತು ಯಾಕೆ ಇಳಿಯಲಿಲ್ಲ?

ನೌಕಾಪಡೆಯ ಹವಾಮಾನ ವಿಭಾಗದಿಂದ ರಿಟೈರ್ ಆಗಿ ಬಳ್ಳಾರಿಗೆ ಬಂದು ಕೂತ ಮೇಲೆ ನನಗೊಂದು ಹೊಸ ಕೆಲಸ ಗಂಟುಬಿದ್ದಿದೆ. ನೆಂಟರಲ್ಲಿ ಯಾರ ವಿಮಾನ ಎಲ್ಲಿ ಲೇಟಾದರೂ ಫೋನ್ ನನಗೇ ಬರುತ್ತದೆ. ಬರಲಿ ಬಿಡಿ, ಆ ನೆಪದಲ್ಲಾದರೂ ಮಾತಾಡಿಸುತ್ತಾರೆ. ತಲೆ ಕೆಡಿಸುವುದು ಒಂದೇ ಪ್ರಶ್ನೆ: "ನಿನ್ನೆ ಇದಕ್ಕಿಂತ ಜಾಸ್ತಿ ಗಾಳಿ ಇತ್ತಲ್ಲ, ನಿನ್ನೆ ಇಳಿಸಿದವರು ಇವತ್ತು ಯಾಕೆ ಇಳಿಸಲಿಲ್ಲ?"

ಗೋವಾದ ದಾಬೋಲಿಂನಲ್ಲಿದ್ದಾಗಲೂ ಇದೇ ಕತೆ. ಅದು ನೌಕಾಪಡೆಯ ಐಎನ್‌ಎಸ್ ಹಂಸ ನೆಲೆ. ರನ್‌ವೇ ಒಂದೇ. ಅದರ ಮೇಲೇ ಮಿಗ್-29ಕೆ ಯುದ್ಧವಿಮಾನ ಓಡಬೇಕು, ಅದರ ಮೇಲೇ ಹನಿಮೂನಿಗೆ ಬಂದವರ ವಿಮಾನವೂ ಇಳಿಯಬೇಕು.

ಗಾಳಿ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಯಾವ ಕಡೆಯಿಂದ ಅಂತ ಒಬ್ಬರೂ ಕೇಳಲ್ಲ.

ಆಷಾಢದಲ್ಲಿ ಕಂಪ್ಲಿ ಸೇತುವೆ ಮೇಲೆ ಟಿವಿಎಸ್ ಓಡಿಸಿದ್ದೀರಾ? ಗಂಗಾವತಿ ಕಡೆ ಹೊರಟರೆ ಪಡುವಣ ಗಾಳಿ ಎಡಗಡೆಯಿಂದ ಬಡಿಯುತ್ತದೆ. ಹಿಂದೆ ಕೂತವರ ಸೆರಗು ಬಲಕ್ಕೆ ಬಾವುಟದ ಹಾಗೆ ನಿಲ್ಲುತ್ತದೆ, ಗಾಡಿಯನ್ನು ಎಡಕ್ಕೆ ವಾಲಿಸಿಕೊಂಡರೆ ಮಾತ್ರ ನೇರ ಹೋಗುತ್ತದೆ. ಅದೇ ದಿನ ಬಳ್ಳಾರಿಯಿಂದ ಹೊಸಪೇಟೆಗೆ ಹೋಗಿ ನೋಡಿ. ಗಾಳಿ ಎದುರಿಗೆ. ಗಾಡಿ ಎಳೆಯಲ್ಲ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಆದರೆ ಯಾರೂ ಪಕ್ಕಕ್ಕೆ ತಳ್ಳಲ್ಲ. ಗಾಳಿ ಅದೇ, ರಸ್ತೆ ಬೇರೆ.

ದಾಬೋಲಿಂ ರನ್‌ವೇಯ ಒಂದು ತುದಿಗೆ 26 ಅಂತ ಹೆಸರು, ಅಂದರೆ ಉತ್ತರದಿಂದ ಬಲಕ್ಕೆ ಎಣಿಸಿದರೆ ಸುಮಾರು 260 ಡಿಗ್ರಿ, ಹೆಚ್ಚುಕಮ್ಮಿ ಪಡುವಣಕ್ಕೆ ಮುಖ. ಇನ್ನೊಂದು ತುದಿ 08, ಮೂಡಣಕ್ಕೆ ಮುಖ. ಗಾಳಿ 260ರಿಂದ 20 ನಾಟ್ ಬೀಸಿದರೆ, ಅಂದರೆ ಗಂಟೆಗೆ 37 ಕಿಮೀ, 26ಕ್ಕೆ ಇಳಿಯುವವನಿಗೆ ಹಬ್ಬ. 130 ನಾಟ್‌ನಲ್ಲಿ ಬರುವ ವಿಮಾನ ನೆಲ ಮುಟ್ಟುವಾಗ ನೆಲದ ಲೆಕ್ಕದಲ್ಲಿ 110 ಮಾತ್ರ. ಅದೇ 20 ನಾಟ್ 200 ಡಿಗ್ರಿಯಿಂದ ಬಂದರೆ ಅದರಲ್ಲಿ 17 ನಾಟ್ ಅಡ್ಡಗಾಳಿ. ಆಗ ವಿಮಾನ ಮೂತಿಯನ್ನು ಗಾಳಿ ಕಡೆ ತಿರುಗಿಸಿಕೊಂಡು ಏಡಿಯ ಹಾಗೆ ಓರೆಯಾಗಿ ಬರುತ್ತದೆ, ಚಕ್ರ ಊರುವ ಹೊತ್ತಿಗೆ ನೇರ ಮಾಡಿಕೊಳ್ಳಬೇಕು. ಒಣ ರನ್‌ವೇಯಲ್ಲಿ 17 ಅಂದರೆ ದೊಡ್ಡ ಮಾತಲ್ಲ. ಮಳೆಗೆ ನೀರು ನಿಂತು, ಜೊತೆಗೆ ಗಾಳಿ ಬಿಟ್ಟುಬಿಟ್ಟು ಏಟು ಕೊಡುತ್ತಿದ್ದರೆ ಲೆಕ್ಕವೇ ಬೇರೆ. ಮಿತಿ ಎಷ್ಟು ಅನ್ನೋದು ವಿಮಾನದ ಮೇಲೆ, ಕಂಪನಿಯ ಮೇಲೆ, ಪೈಲಟ್ ಮೇಲೆ ಹೋಗುತ್ತದೆ. ನಾವು ಗಾಳಿ ಹೇಳುತ್ತೇವೆ, ಇಳಿಯೋದೋ ಬೇಡವೋ ಅಂತ ಹೇಳಲ್ಲ. ಹಾಗಾಗಿ ನಿನ್ನೆಯ 25 ಸಲೀಸು, ಇವತ್ತಿನ 18 ಕಷ್ಟ ಆಗಬಹುದು. ಇದನ್ನು ನಮ್ಮ ಭಾವನವರಿಗೆ ಊಟದ ತಟ್ಟೆ, ಚಮಚ ಇಟ್ಟು ಮೂರು ಸಲ ತೋರಿಸಿದ್ದೇನೆ. ಮೂರು ಸಲವೂ ತಲೆಯಾಡಿಸಿದ್ದಾರೆ.

"ಮಿಗ್ ಹಾರ್ತಲ್ಲ, ನಮ್ದು ಯಾಕಿಲ್ಲ?" ಅನ್ನೋದು ಇನ್ನೊಂದು. ಅದರ ಮಿತಿ ಬೇರೆ, ಅದರಲ್ಲಿ ನೂರೈವತ್ತು ಜನ ಕೂತಿರಲ್ಲ. ವಾರದ ದಿನಗಳಲ್ಲಿ ಬೆಳಗಿನ ಹೊತ್ತು ನೌಕಾಪಡೆಯ ತರಬೇತಿ ಹಾರಾಟಕ್ಕೆ ಮೀಸಲು, ಪ್ರಯಾಣಿಕರ ವಿಮಾನಗಳೆಲ್ಲ ಉಳಿದ ಹೊತ್ತಿನಲ್ಲಿ ಒತ್ತೊತ್ತಾಗಿ ಬರುತ್ತವೆ. ಅಷ್ಟರಲ್ಲಿ ಗಾಳಿ ತಿರುಗಿತು ಅಂದುಕೊಳ್ಳಿ. 26ಕ್ಕೆ ಸಾಲು ಹಿಡಿದು ಬರುತ್ತಿದ್ದವರನ್ನೆಲ್ಲ 08ರ ಕಡೆ ತಿರುಗಿಸಬೇಕು. ಯಾಕೆಂದರೆ ಬೆನ್ನಗಾಳಿಯಲ್ಲಿ ಇಳಿಯೋದಕ್ಕೆ ಸಾಮಾನ್ಯವಾಗಿ 10 ನಾಟ್‌ಗಿಂತ ಜಾಸ್ತಿ ಒಪ್ಪಲ್ಲ. ಆ ಹೊತ್ತಿಗೆ ಎಣ್ಣೆ ಕಮ್ಮಿಯಾದ ಫೈಟರ್ ಮೇಲಿದ್ದರೆ ಮೊದಲು ಅದು ಇಳಿಯಬೇಕು ಅಲ್ವಾ? ನಿಮ್ಮ ಮಗಳ ವಿಮಾನ ಮೇಲೆ ಸುತ್ತು ಹೊಡೆಯುತ್ತಿರುತ್ತದೆ. ನೀವು ಕೆಳಗೆ ಬಿಸಿಲು ನೋಡಿಕೊಂಡು ನನಗೆ ಫೋನ್ ಮಾಡುತ್ತೀರಿ.

ಮೊನ್ನೆ ಅಳಿಯ ಫೋನ್ ಮಾಡಿದ್ದ. ಗಾಳಿ ಎಷ್ಟು ಅಂತ ಅವನೇ ಹೇಳಿದ. ಯಾವ ಕಡೆಯಿಂದಪ್ಪಾ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಆಪ್‌ನಲ್ಲಿ ಒಂದು ಬಾಣದ ಗುರುತು ಐತಿ ಮಾವ. ಅದು ಗಾಳಿ ಬರೋ ಕಡೆನಾ, ಹೋಗೋ ಕಡೆನಾ?"

ಪಡುಗಾಳಿ ಅಂದರೆ ಪಡುವಣದಿಂದ ಬರೋ ಗಾಳಿ ಅಂತ ನಮ್ಮಜ್ಜಿಗೂ ಗೊತ್ತಿತ್ತು. ಆಪ್ ಮಾಡಿದವನ ಬಾಣ ಎತ್ತ ಅಂತ ನಾನು ಹೇಗೆ ಹೇಳಲಿ? "ಮನೆ ಮೇಲೆ ಹೋಗಿ ಒಣಹಾಕಿರೋ ಲುಂಗಿ ನೋಡು" ಅಂದೆ. ಅವನು ಇದ್ದದ್ದು ಏರ್‌ಪೋರ್ಟ್‌ನಲ್ಲಿ.