ಹಾಲ್ ಸೆನ್ಸರ್ ಹಾಕಿದರೆ ಮನೆಯ ಜಾಯ್‌ಸ್ಟಿಕ್ ಸರಿಹೋಗುತ್ತಾ?

ಓದುಗರ ಪ್ರಶ್ನೆ: “ಸರ, ಫ್ಲೈಟ್ ಸಿಮ್ಯುಲೇಟರ್‌ಗೆ ಮನ್ಯಾಗ ಜಾಯ್‌ಸ್ಟಿಕ್ ಮಾಡೇನ್ರಿ. ಪೊಟೆನ್ಷಿಯೋಮೀಟರ್ ಹಾಕೇನಿ. ವಿಮಾನ ನೆಟ್ಟಗ ಹೋಗವಲ್ದು, ಕೈ ಬಿಟ್ರ ಒಂದ್ ಕಡೆ ವಾಲ್ತೈತಿ. ಹಾಲ್ ಸೆನ್ಸರ್ ಹಾಕಿದ್ರ ಸರಿ ಆಗ್ತೈತಿ ಅಲ್ರಿ?” (ಗೋಕಾಕದ ಡಿಪ್ಲೊಮಾ ವಿದ್ಯಾರ್ಥಿಯೊಬ್ಬರು)

ಉತ್ತರ: ಆಗೋದಿಲ್ಲ. ಪೊಟೆನ್ಷಿಯೋಮೀಟರ್ ಇರಲಿ, ಹಾಲ್ ಸೆನ್ಸರ್ ಇರಲಿ, ಎರಡೂ ಕೋಲು ಎಷ್ಟು ವಾಲಿದೆ ಅಂತ ಅಳೆಯುವ ಸೆನ್ಸರ್‌ಗಳೇ. ನಿಮ್ಮ ತೊಂದರೆ ಸೆನ್ಸರ್‌ನಲ್ಲಿ ಇಲ್ಲ. ಕೋಲನ್ನು ಹಿಡಿದುಕೊಂಡು ಎಲ್ಲ ಕಡೆಗೂ ವಾಲಲು ಬಿಡುವ ಕೀಲು, ಅಂದರೆ ಗಿಂಬಲ್‌ನಲ್ಲಿ ಇದೆ.

ಈ ಪ್ರಶ್ನೆ ಬೆಳಗಾವಿಯಿಂದ ಬರುತ್ತದೆ, ಜಮಖಂಡಿಯಿಂದ ಬರುತ್ತದೆ, ವಿಜಯಪುರದಿಂದ ಬರುತ್ತದೆ. ಮಾತು ಬೇರೆ ಬೇರೆ, ನಂಬಿಕೆ ಒಂದೇ: ಒಳ್ಳೆ ಸೆನ್ಸರ್ ಹಾಕಿದರೆ ಒಳ್ಳೆ ಜಾಯ್‌ಸ್ಟಿಕ್ ಆಗುತ್ತದೆ ಅಂತ. ಎಷ್ಟು ಸಲ ಹೇಳಿದರೂ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ಹಾಗಾಗಿ ಈ ಸಲ ಲೆಕ್ಕದ ಸಮೇತ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಎಲೆಕ್ಟ್ರಾನಿಕ್ಸ್ ವಿಷಯ ಬೇಗ ಮುಗಿಸೋಣ, ಅದು ಸುಲಭ. ಎಟಿಮೆಗಾ 32ಯು4 ಚಿಪ್ ಇರುವ ಬೋರ್ಡ್ ತಗೊಳ್ಳಿ. ಆರ್ಡುಯಿನೊ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ, ಯಾವುದಾದರೂ ಸರಿ. ಈ ಚಿಪ್‌ನಲ್ಲೇ ಯುಎಸ್‌ಬಿ ಇದೆ. ಅದಕ್ಕೆ ಕಂಪ್ಯೂಟರ್ ಇದನ್ನು ನೇರವಾಗಿ ಗೇಮ್ ಕಂಟ್ರೋಲರ್ ಅಂತ ಗುರುತಿಸುತ್ತದೆ. ಡ್ರೈವರ್ ಏನೂ ಬೇಡ. ಕಾಲೇಜಿನ ಪ್ರಾಜೆಕ್ಟ್‌ಗೆ ತಂದ ಊನೊ ಬೋರ್ಡ್ ಮನೆಯಲ್ಲಿ ಬಿದ್ದಿದೆ ಅಂತ ಅದನ್ನೇ ಹಾಕಲು ಹೋಗಬೇಡಿ. ಅದು ಸೀರಿಯಲ್ ಪೋರ್ಟ್ ಆಗಿ ಕಾಣುತ್ತದೆ, ಜಾಯ್‌ಸ್ಟಿಕ್ ಆಗಿ ಅಲ್ಲ. ಪೊಟೆನ್ಷಿಯೋಮೀಟರ್‌ನ ಎರಡು ತುದಿ 5 ವೋಲ್ಟ್‌ಗೆ ಮತ್ತು ಗ್ರೌಂಡ್‌ಗೆ, ನಡುವಿನ ಕಾಲು ಅನಲಾಗ್ ಪಿನ್ನಿಗೆ. ಬಿ10ಕೆ ಅಂತ ಬರೆದದ್ದನ್ನೇ ಕೇಳಿ. ಎ ಅಂತ ಇದ್ದರೆ ಅದು ಆಡಿಯೊ ವಾಲ್ಯೂಮ್‌ಗೆ ಮಾಡಿದ್ದು, ಅರ್ಧ ತಿರುಗಿಸಿದರೆ ಅರ್ಧ ವೋಲ್ಟೇಜ್ ಬರೋದಿಲ್ಲ. ಬಟನ್‌ಗಳನ್ನು ಮ್ಯಾಟ್ರಿಕ್ಸ್ ಆಗಿ, ಅಂದರೆ ಅಡ್ಡ ಉದ್ದ ಸಾಲುಗಳಲ್ಲಿ ವೈರ್ ಹಂಚಿಕೊಳ್ಳುವಂತೆ ಜೋಡಿಸಿದರೆ ಪ್ರತಿಯೊಂದಕ್ಕೂ ಒಂದು 1ಎನ್4148 ಡಯೋಡ್ ಹಾಕಿ. ಇಲ್ಲದಿದ್ದರೆ ಮೂರು ಬಟನ್ ಒಟ್ಟಿಗೆ ಒತ್ತಿದಾಗ ನಾಲ್ಕನೆಯದೂ ಒತ್ತಿದ ಹಾಗೆ ಕಾಣಬಹುದು. ಇಷ್ಟೇ.

ಈಗ ಹಾಲ್ ಸೆನ್ಸರ್‌ಗೆ ಬರೋಣ.

ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಪೊಟೆನ್ಷಿಯೋಮೀಟರ್ ಒಳಗೆ ಇಂಗಾಲದ ಪಟ್ಟಿ ಇರುತ್ತದೆ, ಅದರ ಮೇಲೆ ಒಂದು ಲೋಹದ ನಾಲಿಗೆ ಉಜ್ಜುತ್ತಾ ಹೋಗುತ್ತದೆ. ಬಳಸಿದಂತೆ ಪಟ್ಟಿ ಸವೆಯುತ್ತದೆ, ಧೂಳು ಕೂಡುತ್ತದೆ, ರೀಡಿಂಗ್ ಥಟ್ಟನೆ ಜಿಗಿಯುತ್ತದೆ. ಜಾಯ್‌ಸ್ಟಿಕ್‌ನಲ್ಲಿ ಸವೆತ ಬೀಳೋದೂ ಹೆಚ್ಚಾಗಿ ನಡುಭಾಗದಲ್ಲೇ, ಯಾಕಂದರೆ ಕೋಲು ಹೆಚ್ಚು ಹೊತ್ತು ಇರುವುದು ಅಲ್ಲೇ. ಹಾಲ್ ಸೆನ್ಸರ್‌ನಲ್ಲಿ ಏನೂ ಉಜ್ಜುವುದಿಲ್ಲ. ಅದು ಆಯಸ್ಕಾಂತದ ಬಲವನ್ನು ದೂರದಿಂದಲೇ ಅಳೆಯುತ್ತದೆ. ಹಾಗಾಗಿ ಬಾಳಿಕೆ ಜಾಸ್ತಿ. ಇದು ನೂರಕ್ಕೆ ನೂರು ನಿಜ. ಆದರೆ ಇದು ಬಾಳಿಕೆಯ ಮಾತು. ಹೊಸ ಪೊಟೆನ್ಷಿಯೋಮೀಟರ್ ಹಾಕಿ, ಹೊಸ ಕೋಲು ಕಟ್ಟಿ, ಮೊದಲ ದಿನವೇ ನಡು ಸರಿಯಾಗಿ ನಿಲ್ಲದಿದ್ದರೆ ಅದಕ್ಕೂ ಸವೆತಕ್ಕೂ ಏನು ಸಂಬಂಧ?

ಸೆನ್ಸರ್ ಬಿಚ್ಚುವ ಮುಂಚೆ ಎರಡು ಪರೀಕ್ಷೆ ಮಾಡಿ. ಆರ್ಡುಯಿನೊ ಸೀರಿಯಲ್ ಮಾನಿಟರ್‌ನಲ್ಲಿ ಆ ಪಿನ್ನಿನ ಹಸಿ ರೀಡಿಂಗ್ ಬರುವ ಹಾಗೆ ಮಾಡಿ. 0ಯಿಂದ 1023ರ ವರೆಗಿನ ಸಂಖ್ಯೆ ಕಾಣುತ್ತದೆ.

ಮೊದಲನೆಯದು: ಕೋಲನ್ನು ಕ್ಲಾಂಪ್ ಹಾಕಿ ಗಟ್ಟಿಯಾಗಿ ಬಿಗಿಯಿರಿ. ಕೈಯಲ್ಲಿ ಹಿಡಿಯಬೇಡಿ, ಕೈ ನಡುಗುತ್ತದೆ. ಸಂಖ್ಯೆ ಎಷ್ಟು ಅಲುಗುತ್ತದೆ ನೋಡಿ. ಒಳ್ಳೆ ಪೊಟೆನ್ಷಿಯೋಮೀಟರ್ ಆದರೆ ಎರಡು ಮೂರು ಅಂಕಿ ಹಿಂದೆ ಮುಂದೆ ಆಗುತ್ತದೆ, ಅಷ್ಟೇ. ಇದು ಸೆನ್ಸರ್ ಮತ್ತು ವೈರಿಂಗ್‌ನ ತಪ್ಪು.

ಎರಡನೆಯದು: ಕ್ಲಾಂಪ್ ತೆಗೆಯಿರಿ. ಕೋಲನ್ನು ಪೂರ್ತಿ ಎಡಕ್ಕೆ ಒಯ್ದು, ನಿಧಾನವಾಗಿ ನಡುವಿಗೆ ಬರಲು ಬಿಡಿ. ಸಂಖ್ಯೆ ಬರೆದುಕೊಳ್ಳಿ. ಈಗ ಪೂರ್ತಿ ಬಲಕ್ಕೆ ಒಯ್ದು ಹಾಗೆಯೇ ನಿಧಾನವಾಗಿ ಬಿಡಿ. ಮತ್ತೆ ಬರೆದುಕೊಳ್ಳಿ. ಥಟ್ಟನೆ ಬಿಟ್ಟರೆ ಕೋಲು ಕುಣಿದು ನಡುವಿನಲ್ಲಿ ನಿಲ್ಲುತ್ತದೆ, ದೋಷ ಮುಚ್ಚಿಹೋಗುತ್ತದೆ. ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಇದೆಯಲ್ಲ, ಅದು ಗಿಂಬಲ್‌ನ ತಪ್ಪು.

ಮೊದಲ ಪರೀಕ್ಷೆಯಲ್ಲಿ 3, ಎರಡನೆಯದರಲ್ಲಿ 40 ಬಂತು ಅಂದುಕೊಳ್ಳಿ. ಸೆನ್ಸರ್ ಬದಲಿಸಿದರೆ ನೀವು ಗೆಲ್ಲುವುದು ಆ 3ನ್ನು ಮಾತ್ರ. 40 ಹಾಗೇ ಉಳಿಯುತ್ತದೆ. ಪ್ರಶ್ನೆ ಕೇಳಿದವರಲ್ಲಿ ಈ ಎರಡು ಸಂಖ್ಯೆ ನೋಡಿಕೊಂಡು ಬಂದವರು ತೀರಾ ಕಡಿಮೆ. ನೋಡಿಕೊಂಡು ಬಂದವರಿಗೆ ನಾನು ಉತ್ತರ ಹೇಳಬೇಕಾಗಿಯೇ ಬಂದಿಲ್ಲ.

ಆ 40 ಅಂಕಿಯ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಕೋಲು ಎರಡೂ ಕಡೆಗೆ 20 ಡಿಗ್ರಿ, ಒಟ್ಟು 40 ಡಿಗ್ರಿ ಓಡಾಡುತ್ತದೆ ಅಂದುಕೊಳ್ಳೋಣ. ಆ ಓಟಕ್ಕೆ 1024 ಮೆಟ್ಟಿಲು ಪೂರ್ತಿ ಸಿಕ್ಕರೆ ಒಂದು ಮೆಟ್ಟಿಲು ಅಂದರೆ 0.04 ಡಿಗ್ರಿ. ಈಗ ನಿಮ್ಮ ಗಿಂಬಲ್ ನೋಡಿ. 8 ಮಿಲಿಮೀಟರ್ ಬೋಲ್ಟು, ಡ್ರಿಲ್ ಸ್ವಲ್ಪ ಅಲುಗಿ ರಂಧ್ರ ಎಂಟೂವರೆ ಮಿಲಿಮೀಟರ್ ಆಗಿದೆ. ಎರಡು ರಂಧ್ರಗಳ ನಡುವೆ 50 ಮಿಲಿಮೀಟರ್ ಅಂತರ. ಆ ಅರ್ಧ ಮಿಲಿಮೀಟರ್ ಲೂಸಿನಲ್ಲಿ ಬೋಲ್ಟು ಒಟ್ಟು ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ವಾಲಾಡುತ್ತದೆ. ಒಂದು ಡಿಗ್ರಿ ಅಂದರೆ 25 ಮೆಟ್ಟಿಲು. ಇದರ ಮೇಲೆ 12 ಬಿಟ್ ಸೆನ್ಸರ್ ತಂದು ಹಾಕಿದರೆ ಮೆಟ್ಟಿಲು 4096 ಆಗುತ್ತದೆ, ಅದೇ ಲೂಸು ಈಗ 100 ಮೆಟ್ಟಿಲು ಆಗಿ ಕಾಣುತ್ತದೆ. ಕುಂಟುವ ಮೇಜಿನ ಮೇಲೆ ಬಂಗಾರ ತೂಗುವ ತಕ್ಕಡಿ ಇಟ್ಟ ಹಾಗೆ.

“ಆದರೆ ಸರ್, ನನ್ನ ಗೆಳೆಯ ಹಾಲ್ ಸೆನ್ಸರ್ ಹಾಕಿದ, ಅವನದು ನಿಜವಾಗಲೂ ಸುಧಾರಿಸಿತು” ಅನ್ನುವವರಿದ್ದಾರೆ. ಸುಧಾರಿಸಿರಬಹುದು. ಕಾರಣ ಬೇರೆ. ಸಾಮಾನ್ಯ ಪೊಟೆನ್ಷಿಯೋಮೀಟರ್ ಸುಮಾರು 270 ಡಿಗ್ರಿ ತಿರುಗುತ್ತದೆ. ಅದನ್ನು ನೇರವಾಗಿ ಗಿಂಬಲ್‌ನ ಶಾಫ್ಟಿಗೆ ಕೂರಿಸಿದರೆ ಅದರಲ್ಲಿ 40 ಡಿಗ್ರಿ ಮಾತ್ರ ಬಳಕೆಯಾಗುತ್ತದೆ. 1024ರಲ್ಲಿ ನಿಮ್ಮ ಕೈಗೆ ಸಿಗುವುದು ಸುಮಾರು 150 ಮೆಟ್ಟಿಲು. ವಿಮಾನ ಜರ್ಕ್ ಹೊಡೆಯುತ್ತಾ ಹೋಗುವುದು ಇದಕ್ಕೇ. 49ಇ ಹಾಲ್ ಸೆನ್ಸರ್ 5 ವೋಲ್ಟ್‌ನಲ್ಲಿ ಸರಿಸುಮಾರು 1ರಿಂದ 4 ವೋಲ್ಟ್ ವರೆಗೆ ಕೊಡುತ್ತದೆ. ಆಯಸ್ಕಾಂತವನ್ನು ಸರಿಯಾದ ದೂರದಲ್ಲಿ ಇಟ್ಟರೆ ಅದೇ 40 ಡಿಗ್ರಿಗೆ 600 ಮೆಟ್ಟಿಲು ಸಿಗಬಹುದು. ಗೆಳೆಯನಿಗೆ ಲಾಭ ಆಗಿದ್ದು ಈ ವಿಸ್ತಾರದಿಂದ. ನಿಮ್ಮ ಪೊಟೆನ್ಷಿಯೋಮೀಟರ್‌ಗೆ ಒಂದಕ್ಕೆ ಐದರ ಗೇರ್ ಹಾಕಿದರೆ 40 ಡಿಗ್ರಿ 200 ಆಗುತ್ತದೆ, ಸುಮಾರು 750 ಮೆಟ್ಟಿಲು ಸಿಗುತ್ತದೆ. ಗೇರಿನ ಹಲ್ಲುಗಳ ನಡುವೆ ಲೂಸು ಇರದಂತೆ ಒಂದು ಸಣ್ಣ ಸ್ಪ್ರಿಂಗ್ ಅದನ್ನು ಸದಾ ಒಂದೇ ಕಡೆಗೆ ಎಳೆಯುತ್ತಿರಲಿ. ಇನ್ನು ಆ ಎರಡು ಮೂರು ಅಂಕಿಯ ಅಲುಗಾಟಕ್ಕೆ, ನಡುವಿನ ಕಾಲಿಗೂ ಗ್ರೌಂಡ್‌ಗೂ ಮಧ್ಯೆ 104 ಅಂತ ಬರೆದಿರುವ ಕೆಪಾಸಿಟರ್ ಹಾಕಿ. ಪ್ರೋಗ್ರಾಂನಲ್ಲಿ 16 ರೀಡಿಂಗ್ ತಗೊಂಡು ಸರಾಸರಿ ಮಾಡಿ. ಸಾಕು.

ಹಾಲ್ ಸೆನ್ಸರ್‌ಗೂ ಅದರದ್ದೇ ತಕರಾರು ಇದೆ. ಗಿಂಬಲ್ ಕಬ್ಬಿಣದ್ದಾದರೆ ಅದು ಆಯಸ್ಕಾಂತದ ಬಲವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಶಾಫ್ಟ್ ಲೂಸ್ ಇದ್ದರೆ ಆಯಸ್ಕಾಂತ ತಿರುಗುವುದರ ಜೊತೆಗೆ ಸೆನ್ಸರ್‌ಗೆ ಹತ್ತಿರ ದೂರವೂ ಆಗುತ್ತದೆ. ಸೆನ್ಸರ್ ಅದನ್ನೂ ಕೋಲಿನ ಚಲನೆ ಅಂತಲೇ ತಿಳಿಯುತ್ತದೆ. ಅಂದರೆ ಗಿಂಬಲ್ ಕೆಟ್ಟದಾಗಿದ್ದರೆ ಹಾಲ್ ಸೆನ್ಸರ್‌ನಿಂದ ನಷ್ಟವೇ ಜಾಸ್ತಿ ಆಗಬಹುದು.

ಡೆಡ್‌ಜೋನ್ ಅಂದರೆ ನಡುವಿನ ಸುತ್ತ ಕೋಲು ಅಲುಗಿದರೂ ಕಂಪ್ಯೂಟರ್ ಲೆಕ್ಕಕ್ಕೆ ತಗೊಳ್ಳದ ಜಾಗ. ಅದನ್ನು ಹೆಚ್ಚಿಸಿ ಇದನ್ನೆಲ್ಲ ಮುಚ್ಚುವವರಿಗೂ ಒಂದು ಮಾತು. ನಡುವಿನ ಸಣ್ಣ ಚಲನೆಗಳೇ ಹಾರಾಟದಲ್ಲಿ ಮುಖ್ಯ. ರನ್‌ವೇಗೆ ಇಳಿಯುವಾಗ ಮೂತಿಯನ್ನು ಕೂದಲೆಳೆಯಷ್ಟು ಎತ್ತಬೇಕು. ಡೆಡ್‌ಜೋನ್ ಕಿತ್ತುಕೊಳ್ಳುವುದು ಸರಿಯಾಗಿ ಆ ಕೂದಲೆಳೆಯನ್ನೇ.

ಹಾಗಾದರೆ ಏನು ಮಾಡಬೇಕು? ಬೋಲ್ಟಿನ ಥ್ರೆಡ್ ಮೇಲೆ ಏನನ್ನೂ ತಿರುಗಿಸಬೇಡಿ. ಪ್ರತಿ ಅಕ್ಷಕ್ಕೆ ಎರಡು 608 ಬೇರಿಂಗ್ ಹಾಕಿ. ಒಳಗೆ 8, ಹೊರಗೆ 22, ದಪ್ಪ 7 ಮಿಲಿಮೀಟರ್. ಬೇರಿಂಗ್ ಅಂಗಡಿಯಲ್ಲಿ ಹೆಸರು ಹೇಳಿದರೆ ಸಾಕು, ತೆಗೆದುಕೊಡುತ್ತಾರೆ. ಎರಡರ ನಡುವೆ ಎಷ್ಟು ಅಂತರ ಇಡಬಹುದೋ ಅಷ್ಟು ಇಡಿ. ಬೇರಿಂಗ್ ಕೂರುವ ಮನೆಯನ್ನು ಲೇತ್‌ನಲ್ಲೇ ಮಾಡಿಸಿ. ನಾವು ಇರುವ ಊರು ಬೆಳಗಾವಿ ಅನ್ನೋದನ್ನು ಮರೆಯಬೇಡಿ. ಉದ್ಯಮಬಾಗದಲ್ಲಿ ಓಣಿ ಓಣಿಗೆ ಲೇತ್ ಇದೆ, ಫೌಂಡ್ರಿ ಇದೆ. ಹತ್ತರಗಿಯಲ್ಲಿ ನಿಜವಾದ ವಿಮಾನಗಳಿಗೆ ಬಿಡಿಭಾಗ ತಯಾರಾಗುತ್ತದೆ. ಮಿಲಿಮೀಟರಿನ ನೂರನೇ ಒಂದು ಭಾಗ ಲೆಕ್ಕ ಇಟ್ಟು ಕೆಲಸ ಮಾಡುವ ಟರ್ನರ್‌ಗಳು ಇಲ್ಲಿದ್ದಾರೆ. ಇಂಥ ಊರಿನಲ್ಲಿ ಕೂತು ಸೆನ್ಸರ್‌ಗೆ ಆನ್‌ಲೈನ್ ಆರ್ಡರ್ ಹಾಕಿ ಕಾಯುವುದನ್ನು ನೋಡಿದರೆ ನನಗೆ ಬೇಸರ ಆಗುತ್ತದೆ. ಒಂದು ಕಾಗದದ ಮೇಲೆ ಅಳತೆ ಹಾಕಿ ಚಿತ್ರ ಬರೆದುಕೊಂಡು ಹೋಗಿ. “22ರ ಬೇರಿಂಗ್ ಟೈಟಾಗಿ ಕೂರಬೇಕ್ರಿ” ಅನ್ನಿ. ಅವರಿಗೆ ಅಷ್ಟು ಸಾಕು.

ಆಮೇಲೆ ಸ್ಪ್ರಿಂಗ್. ಎಡಕ್ಕೊಂದು ಬಲಕ್ಕೊಂದು ಸ್ಪ್ರಿಂಗ್ ಕಟ್ಟಿದರೆ ನಡುವಿನಲ್ಲಿ ಎರಡೂ ಒಂದನ್ನೊಂದು ಸರಿದೂಗಿಸುತ್ತವೆ. ಅಲ್ಲಿ ಕೋಲನ್ನು ಎಳೆಯುವ ಬಲವೇ ತೀರಾ ಕಡಿಮೆ. ಆ ಬಲಕ್ಕಿಂತ ಉಜ್ಜಾಟ ಜಾಸ್ತಿ ಇದ್ದರೆ ಕೋಲು ನಡುವಿಗೆ ಬರುವ ಮೊದಲೇ ನಿಂತುಬಿಡುತ್ತದೆ. ನೀವು ಹೇಳುವ ವಾಲುವಿಕೆಗೆ ಮುಖ್ಯ ಕಾರಣ ಇದೇ ಇರಬೇಕು. ಇದಕ್ಕೆ ಕ್ಯಾಮ್ ಒಳ್ಳೆಯದು. ನಡುವಿನಲ್ಲಿ ತಗ್ಗು ಇರುವ ಒಂದು ಲೋಹದ ತುಂಡು, ಅದರ ಮೇಲೆ ಸ್ಪ್ರಿಂಗ್ ಒತ್ತಿ ಹಿಡಿದ ಒಂದು ಸಣ್ಣ ಬೇರಿಂಗ್. ಬೇರಿಂಗ್ ಪ್ರತಿ ಸಲ ಅದೇ ತಗ್ಗಿಗೆ ಬಂದು ಕೂರುತ್ತದೆ. ಒಂದೇ ಸ್ಪ್ರಿಂಗ್ ಸಾಕು.

ಇನ್ನೊಂದು ವಿಷಯ. ವಾಲುವುದು ಕೋಲಿನ ತಪ್ಪೇ ಅಂತ ಖಾತ್ರಿ ಮಾಡಿಕೊಂಡಿದ್ದೀರಾ? ಸೆಸ್ನಾ 172ರಂಥ ಒಂದೇ ಪ್ರೊಪೆಲರ್ ವಿಮಾನ ಪೂರ್ತಿ ಪವರ್‌ನಲ್ಲಿ ಮೇಲೇರುವಾಗ ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಸಿಮ್ಯುಲೇಟರ್‌ನಲ್ಲೂ ಅದನ್ನು ಹಾಗೆಯೇ ಮಾಡಿರುತ್ತಾರೆ. ಮೊದಲು ವಿಂಡೋಸ್‌ನ ಗೇಮ್ ಕಂಟ್ರೋಲರ್ ಪುಟದಲ್ಲಿ ಕೂಡು ಗುರುತು ನಡುವಿನಲ್ಲಿ ನಿಲ್ಲುತ್ತಾ ನೋಡಿ. ನಿಂತರೆ ಕೋಲು ಸರಿ ಇದೆ, ನೀವು ಬಲಗಾಲಿನ ರಡ್ಡರ್ ಒತ್ತಬೇಕು ಅಷ್ಟೇ.

ಸ್ಪ್ರಿಂಗ್ ಮಾತು ಬಂದಿದ್ದಕ್ಕೆ ಯಾರೂ ಕೇಳದ ಒಂದು ಸಂಗತಿ ಹೇಳಿಬಿಡುತ್ತೇನೆ. ಕೋಲು ಕಟ್ಟಿದ ಪ್ರತಿಯೊಬ್ಬರೂ ಮುಂದೆ ಇಲ್ಲಿಗೆ ಬಂದು ಗೊಂದಲ ಪಡುತ್ತಾರೆ. ಅದು ಟ್ರಿಮ್, ಅಂದರೆ ಕೈಯಲ್ಲಿ ಒತ್ತಿ ಹಿಡಿಯದೆಯೇ ವಿಮಾನ ಅದೇ ಸ್ಥಿತಿಯಲ್ಲಿ ಹಾರುವಂತೆ ಹೊಂದಿಸುವುದು.

ಸೆಸ್ನಾದಂಥ ವಿಮಾನದಲ್ಲಿ ಕೈಗೆ ತಾಗುವ ಬಲ ಬರುವುದು ಗಾಳಿಯಿಂದ. ವೇಗ ಎರಡು ಪಟ್ಟಾದರೆ ರೆಕ್ಕೆಯ ಮೇಲಿನ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ, ಕೈಗೂ ಅಷ್ಟು ಬಿಗಿ ಅನಿಸುತ್ತದೆ. ಟ್ರಿಮ್ ಚಕ್ರ ತಿರುಗಿಸಿದಾಗ ಬಲ ಶೂನ್ಯವಾಗುವ ಜಾಗವೇ ಸರಿಯುತ್ತದೆ. ಪೈಲಟ್ ಕಂಟ್ರೋಲನ್ನು ಬೇಕಾದಲ್ಲಿ ಹಿಡಿದುಕೊಂಡು, ಕೈಗೆ ಭಾರ ಅನಿಸದ ತನಕ ಟ್ರಿಮ್ ಮಾಡುತ್ತಾನೆ. ಕಂಟ್ರೋಲ್ ಅಲ್ಲೇ ಉಳಿಯುತ್ತದೆ. ನಮ್ಮ ಸ್ಪ್ರಿಂಗ್ ಕೋಲಿನಲ್ಲಿ ಹಾಗಾಗೋದಿಲ್ಲ. ಬಲ ಶೂನ್ಯವಾಗುವ ಜಾಗ ಯಾವಾಗಲೂ ನಡುವೇ. ಆದ್ದರಿಂದ ಇಲ್ಲಿ ಟ್ರಿಮ್ ಮಾಡುತ್ತಾ ಮಾಡುತ್ತಾ ಕೋಲನ್ನು ನಿಧಾನವಾಗಿ ನಡುವಿಗೆ ಬಿಡಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಕೋಲನ್ನು ಎಳೆದು ಹಿಡಿದೇ ಟ್ರಿಮ್ ಮಾಡುತ್ತಾರೆ, ಕೈ ಬಿಟ್ಟ ಕೂಡಲೇ ವಿಮಾನ ಮೂತಿ ತಗ್ಗಿಸುತ್ತದೆ. ಆಮೇಲೆ ಸೆನ್ಸರ್ ಮೇಲೆ ಅನುಮಾನ ಪಡುತ್ತಾರೆ.

ಸ್ಪ್ರಿಂಗ್ ಕೋಲು ಅಂದರೆ ಆಟಿಕೆ ಅಂತ ತಿಳಿಯಬೇಡಿ. ಏರ್‌ಬಸ್ ಎ320ರ ಸೈಡ್‌ಸ್ಟಿಕ್ ಕೂಡ ಸ್ಪ್ರಿಂಗ್‌ನದ್ದೇ, ರೆಕ್ಕೆಯ ಮೇಲಿನ ಗಾಳಿಯ ಬಲ ಅದಕ್ಕೆ ಬರುವುದಿಲ್ಲ. ಸಾಮಾನ್ಯ ಹಾರಾಟದಲ್ಲಿ ಅಲ್ಲಿ ಟ್ರಿಮ್ ಮಾಡುವ ಕೆಲಸವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಎಫ್-16ರಲ್ಲಿ ಮೊದಲು ಇದ್ದ ಕೋಲು ಅಲುಗುತ್ತಲೇ ಇರಲಿಲ್ಲ, ಕೈ ಒತ್ತಿದ ಬಲವನ್ನಷ್ಟೇ ಅಳೆಯುತ್ತಿತ್ತು. ಪೈಲಟ್‌ಗಳಿಗೆ ಒಗ್ಗಲಿಲ್ಲ ಅಂತ ಆಮೇಲೆ ಸ್ವಲ್ಪ ಅಲುಗುವ ಹಾಗೆ ಮಾಡಿದರು.

ಅಭ್ಯಾಸಕ್ಕೆ ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದಲೇ ಹೊರಡಿ. ಸಿಮ್ಯುಲೇಟರ್‌ನಲ್ಲಿ ಅದರ ಕೋಡ್ ವಿಒಬಿಎಂ. ನಮ್ಮ ನೆಲವೇ ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ, ಹಾಗಾಗಿ 5,500 ಅಡಿಗೆ ಏರಿ ಸಮ ಮಾಡಿಕೊಳ್ಳಿ. ಪವರ್ ಇಳಿಸಿ, ವೇಗ ಒಂದು ಹದಕ್ಕೆ ಬರಲಿ. ಆಮೇಲೆ ಟ್ರಿಮ್ ಮಾಡುತ್ತಾ ಕೋಲು ಬಿಡುತ್ತಾ ಬನ್ನಿ. ಕೈ ಪೂರ್ತಿ ಬಿಟ್ಟ ಮೇಲೂ ಎತ್ತರ ಹಾಗೇ ನಿಂತರೆ ನಿಮಗೆ ಅದು ಬಂತು ಅಂತ ಅರ್ಥ. ಇದಕ್ಕೆ ಕೀಬೋರ್ಡ್ ಬೇಡ, ಕೈ ಅಲ್ಲಿಗೂ ಇಲ್ಲಿಗೂ ಓಡಾಡಬೇಕಾಗುತ್ತದೆ. ಹೆಬ್ಬೆರಳಿಗೆ ಸಿಗುವಂತೆ ಕೋಲಿನ ಮೇಲೆ ಎರಡು ಬಟನ್ ಇಡಿ, ಮೇಲಕ್ಕೊಂದು ಕೆಳಕ್ಕೊಂದು. ಚಕ್ರವೇ ಬೇಕು ಅನ್ನುವವರು ಪೊಟೆನ್ಷಿಯೋಮೀಟರ್ ಹಾಕಬೇಡಿ, ಅದು 270 ಡಿಗ್ರಿಗೆ ನಿಂತುಬಿಡುತ್ತದೆ. ಟ್ರಿಮ್ ಚಕ್ರ ಹಲವು ಸುತ್ತು ತಿರುಗಬೇಕು. ಎಷ್ಟು ಸುತ್ತು ಬೇಕಾದರೂ ತಿರುಗುವ ರೋಟರಿ ಎನ್‌ಕೋಡರ್ ತಗೊಳ್ಳಿ, ಬೋರ್ಡಿನ ಎರಡು ಡಿಜಿಟಲ್ ಪಿನ್ ಮತ್ತು ಒಂದು ಗ್ರೌಂಡ್ ಸಾಕು.