‘ಅಸುಂತಾ ಸ್ಪೀನಾ’ ನಿರ್ದೇಶಿಸಿದ್ದು ಯಾರು?

ಪ್ರಶ್ನೆ: 1915ರ ಇಟಲಿಯ ಮೂಕಿ ಚಿತ್ರ ‘ಅಸುಂತಾ ಸ್ಪೀನಾ’ಕ್ಕೆ ಕೆಲವು ಕಡೆ ಗುಸ್ತಾವೋ ಸೆರೇನಾ ಒಬ್ಬರೇ ನಿರ್ದೇಶಕರು ಅಂತಿದೆ. ಇನ್ನು ಕೆಲವು ಕಡೆ ನಾಯಕಿ ಫ್ರಾಂಚೆಸ್ಕಾ ಬೆರ್ಟಿನಿ ಹೆಸರೂ ಇದೆ. ಯಾವುದು ಸರಿ?

ಇಬ್ಬರ ಹೆಸರೂ ಇರಬೇಕು. ಬೆರ್ಟಿನಿಗೆ ಮನ್ನಣೆ ಕೊಡೋದು ನ್ಯಾಯವೇ. ಆದರೆ ಆ ಭರದಲ್ಲಿ ಸೆರೇನಾ ಅವರನ್ನು ಮರೆಯೋದು ತಪ್ಪು.

ಸೆರೇನಾ ಹುಟ್ಟಿದ್ದು 1881ರಲ್ಲಿ, ನೇಪಲ್ಸ್‌ನಲ್ಲಿ. ಮೊದಲು ನಟರಾಗಿಯೇ ಹೆಸರು ಮಾಡಿದರು. 1912ರ ‘ರೋಮಿಯೋ ಮತ್ತು ಜೂಲಿಯೆಟ್’ನಲ್ಲಿ ಅವರು ರೋಮಿಯೋ, ಬೆರ್ಟಿನಿ ಜೂಲಿಯೆಟ್. ಮರುವರ್ಷ ಎನ್ರಿಕೋ ಗ್ವಾಜೋನಿ ಅವರ ‘ಕ್ವೋ ವಾಡಿಸ್’ನಲ್ಲಿ ರೋಮನ್ ಚಕ್ರವರ್ತಿ ನೀರೋನ ಆಸ್ಥಾನದ ಪೆಟ್ರೋನಿಯಸ್ ಆದರು. ಆ ಚಿತ್ರ ನ್ಯೂಯಾರ್ಕ್, ಲಂಡನ್‌ನಲ್ಲೂ ಜೋರಾಗಿ ಓಡಿತು. ಆಮೇಲೆ ರೋಮ್‌ನ ಚೇಸರ್ ಫಿಲ್ಮ್ ಕಂಪನಿಯಲ್ಲಿ ನಿರ್ದೇಶನಕ್ಕೂ ಇಳಿದರು.

‘ಅಸುಂತಾ ಸ್ಪೀನಾ’ದ ಮೂಲ ಸಾಲ್ವತೋರೆ ದಿ ಜಾಕೊಮೋ ಅವರ ನಾಟಕ. ಅಸುಂತಾ ಬಟ್ಟೆ ಒಗೆದು ಇಸ್ತ್ರಿ ಮಾಡುವ ಹೆಂಗಸು. ಅವಳನ್ನು ಮದುವೆಯಾಗಬೇಕಿದ್ದ ಮಿಕೇಲೆ ಮಾಂಸದಂಗಡಿಯವನು. ಹೊಟ್ಟೆಕಿಚ್ಚು ತಡೆಯಲಾರದೆ ಅವನು ಅವಳ ಕೆನ್ನೆಯನ್ನೇ ಕೊಯ್ದುಬಿಡುತ್ತಾನೆ. ಆದರೂ ಕೋರ್ಟಿನಲ್ಲಿ ಅವಳು ಅವನನ್ನು ಉಳಿಸಲು ಸುಳ್ಳು ಹೇಳುತ್ತಾಳೆ. ಶಿಕ್ಷೆಯಾದ ಮೇಲೆ, ಅವನನ್ನು ದೂರದ ಜೈಲಿಗೆ ಕಳಿಸದೆ ನೇಪಲ್ಸ್‌ನಲ್ಲೇ ಇರಿಸಲಿ ಅಂತ ಕೋರ್ಟಿನ ಗುಮಾಸ್ತನೊಬ್ಬನ ಮುಲಾಜಿಗೆ ಬೀಳುತ್ತಾಳೆ. ಕೊನೆಗೆ ಮಿಕೇಲೆ ಆ ಗುಮಾಸ್ತನನ್ನು ಕೊಂದಾಗ, ಆ ಕೊಲೆಯನ್ನೂ ತನ್ನ ತಲೆ ಮೇಲೆ ಹಾಕಿಕೊಳ್ಳುತ್ತಾಳೆ.

ಈ ಮಿಕೇಲೆ ಪಾತ್ರ ಮಾಡಿದ್ದು ಸೆರೇನಾ ಅವರೇ. ಗೊಂದಲದ ಬೇರು ಇರೋದೂ ಇಲ್ಲೇ. ತೆಗೆದ ಶಾಟನ್ನು ಆಗಲೇ ನೋಡಲು ಆ ಕಾಲದಲ್ಲಿ ಮಾನಿಟರ್ ಎಲ್ಲಿತ್ತು? ಫಿಲ್ಮ್ ತೊಳೆದು ಬರೋವರೆಗೂ ಕಾಯಬೇಕು. ನಿರ್ದೇಶಕರೇ ಕ್ಯಾಮೆರಾ ಮುಂದೆ ನಿಂತಾಗ ಆಚೆಯಿಂದ ನೋಡಿ ಹೇಳೋರು ಬೇಕೇ ಬೇಕು ಅಲ್ವಾ?

ಆ ಕೆಲಸವನ್ನು ಬೆರ್ಟಿನಿ ಧಾರಾಳವಾಗಿ ಮಾಡಿದರು. ಇದನ್ನು ಸೆರೇನಾ ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಅಸುಂತಾ ಪಾತ್ರ ಸಿಕ್ಕ ಖುಷಿಯಲ್ಲಿ ಬೆರ್ಟಿನಿ ಸುಮ್ನೆ ಕೂತಿರಲಿಲ್ಲ. ನೇಪಲ್ಸ್‌ನ ಆಡುಮಾತಿನಲ್ಲೇ ಗುಂಪಿನವರಿಗೆ ಎಲ್ಲಿ ನಿಲ್ಲಬೇಕು ಅಂತ ಹೇಳುತ್ತಿದ್ದರು, ಕ್ಯಾಮೆರಾ ಎಲ್ಲಿಡಬೇಕು ಅಂತ ಸೂಚಿಸುತ್ತಿದ್ದರು. ಸೀನ್ ಮನಸ್ಸಿಗೆ ಬರದಿದ್ದರೆ ಮತ್ತೆ ತೆಗೆಸುತ್ತಿದ್ದರು. ಇಷ್ಟನ್ನು ಮುಚ್ಚಿಡದೆ ಹೇಳಿದ ಸೆರೇನಾ ಬಗ್ಗೆ ನನಗೆ ಗೌರವ ಜಾಸ್ತಿ. 1982ರ ಒಂದು ಸಾಕ್ಷ್ಯಚಿತ್ರದಲ್ಲಿ ಬೆರ್ಟಿನಿ ಈ ಚಿತ್ರ ತಾನೇ ನಿರ್ದೇಶಿಸಿದ್ದು ಅಂದರು. ಅದಕ್ಕೆ ಎದುರು ಮಾತಾಡಲು ಸೆರೇನಾ ಇರಲಿಲ್ಲ, 1970ರಲ್ಲೇ ತೀರಿಕೊಂಡಿದ್ದರು.

ಹಾಗಾದರೆ ಸೆರೇನಾ ಬರೀ ಹೆಸರಿಗೆ ನಿರ್ದೇಶಕರಾ? ಖಂಡಿತ ಅಲ್ಲ. ಅದೇ ವರ್ಷ ಬೆರ್ಟಿನಿಯೇ ನಾಯಕಿಯಾಗಿದ್ದ ‘ಕಮೇಲಿಯಾಗಳ ಮಹಿಳೆ’ ನಿರ್ದೇಶಿಸಿದರು. ಆಮೇಲೂ ಹಲವು ಚಿತ್ರ ನಿರ್ದೇಶಿಸಿದರು. ಟಾಕಿ ಬಂದ ಮೇಲೆ ಹೆಚ್ಚಾಗಿ ನಟನೆಗೇ ಮರಳಿ ಚಿಕ್ಕಪುಟ್ಟ ಪಾತ್ರ ಮಾಡಿದರು.

ಚಿತ್ರ ನೋಡುವಾಗ ಹೊರಾಂಗಣ ದೃಶ್ಯಗಳನ್ನು ಗಮನಿಸಿ. ಅಲ್ಲಿರೋದು ಬಣ್ಣ ಬಳಿದ ಪರದೆಯಲ್ಲ, ನಿಜವಾದ ನೇಪಲ್ಸ್: ಅದರ ಬೀದಿ, ಅದರ ಕಡಲತೀರ. ಮುಂದೆ ಬಂದ ಇಟಲಿಯ ನವವಾಸ್ತವವಾದಕ್ಕೆ, ಅಂದರೆ ಜನಸಾಮಾನ್ಯರ ಬದುಕನ್ನು ನಿಜವಾದ ಜಾಗಗಳಲ್ಲೇ ತೆಗೆದ ಸಿನಿಮಾ ಧಾಟಿಗೆ, ಇದೇ ಮುನ್ಸೂಚನೆ ಅಂತ ಹಲವರು ಹೇಳಿದ್ದು ಈ ಕಾರಣಕ್ಕೇ. ಆ ಬೀದಿಗಳು ಸೆರೇನಾ ಹುಟ್ಟೂರಿನವು. ಹಾಗಾಗಿ ಯಾರಾದರೂ ಕೇಳಿದರೆ ‘ನಿರ್ದೇಶನ: ಗುಸ್ತಾವೋ ಸೆರೇನಾ, ಫ್ರಾಂಚೆಸ್ಕಾ ಬೆರ್ಟಿನಿ’ ಅಂತಲೇ ಹೇಳಿ.