ಟ್ರಯಲ್ ನೋಡಿದ ಸಿಲಿಂಡರ್

ಮಂಗಳೂರಿನ ಕೊಟ್ಟಾರದ ಒಂದು ಫ್ಲಾಟಿನಲ್ಲಿ ಅಕ್ಕ ಒಬ್ಬರು ಬೆಂಕಿ ನಂದಿಸುವ ಸಿಲಿಂಡರನ್ನು ಎತ್ತಿ ತೋರಿಸಿದರು. "ಹೊಸತೇ ಉಂಟು ಮಾರಾಯ್ರೆ. ತಂದ ದಿನ ಮಕ್ಕಳು ಒಮ್ಮೆ ಪುಸ್ ಅಂತ ಟ್ರಯಲ್ ನೋಡಿದ್ದು, ಅಷ್ಟೇ. ಭಾರ ನೋಡಿ, ಹಾಗೇ ಉಂಟು." ಭಾರ ಹಾಗೇ ಇತ್ತು, ಹೌದು. ಆದರೆ ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಂಪಿನಲ್ಲಿ ಮಲಗಿತ್ತು.

ವಾರಕ್ಕೆ ಒಂದಾದರೂ ಇಂಥದ್ದು ನನ್ನ ಕೈಗೆ ಬರುತ್ತದೆ. ಇದರೊಳಗಿನ ಎಬಿಸಿ ಪೌಡರ್, ಅಂದರೆ ಮರ, ಎಣ್ಣೆ, ಗ್ಯಾಸು ಮೂರರ ಬೆಂಕಿಗೂ ಆಗುವಂಥದ್ದು, ಮೈದಾದಷ್ಟು ನುಣ್ಣಗೆ. ಅದನ್ನು ಹೊರಗೆ ದೂಡುವುದು ಒಳಗೆ ಒತ್ತಡದಲ್ಲಿ ತುಂಬಿದ ಗ್ಯಾಸು, ಹೆಚ್ಚಾಗಿ ನೈಟ್ರೋಜನ್. ಹಿಡಿ ಒತ್ತಿ ಬಿಟ್ಟಾಗ ವಾಲ್ವಿನ ವಾಷರಿನ ಬಾಯಲ್ಲಿ ನಾಲ್ಕು ಕಣ ಪೌಡರ್ ಕೂತುಬಿಡುತ್ತದೆ. ಬಾವಿ ಪಂಪಿನ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದರೆ ಬೆಳಗಾಗುವಾಗ ಪೈಪಿನ ನೀರೆಲ್ಲ ಇಳಿದಿರುವುದಿಲ್ಲವೇ? ಇಲ್ಲಿಯೂ ಅದೇ ಕಥೆ. ಗ್ಯಾಸು ಸದ್ದಿಲ್ಲದೆ ಸೋರುತ್ತದೆ. ಕೆಲವದು ರಾತ್ರಿ ಕಳೆಯುವುದರೊಳಗೆ, ಕೆಲವದು ವಾರಗಟ್ಟಲೆ. ಪೌಡರ್ ಹೆಚ್ಚುಕಡಿಮೆ ಪೂರ್ತಿ ಒಳಗೇ ಇರುತ್ತದೆ, ದೂಡುವವರು ಮಾತ್ರ ಇಲ್ಲ. ಆದ್ದರಿಂದ ಎತ್ತಿ ನೋಡಬೇಡಿ, ಮುಳ್ಳು ನೋಡಿ. ಒಂದೇ ಸೆಕೆಂಡು ಒತ್ತಿದ್ದರೂ ರೀಫಿಲ್ ಮಾಡಿಸಲೇಬೇಕು. "ಇವ ಬಿಸಿನೆಸ್ ಮಾಡ್ಲಿಕ್ಕೆ ಹೇಳುವುದು" ಎಂದು ಮುಖದಲ್ಲೇ ಹೇಳುವವರಿದ್ದಾರೆ. ಹೇಳಲಿ.

ನಾನು ಹೇಳಿದ್ದು ಪೌಡರಿನದ್ದಕ್ಕೆ. ಕಾರ್ಬನ್ ಡೈಆಕ್ಸೈಡಿನದ್ದರಲ್ಲಿ ಗೇಜೇ ಇರುವುದಿಲ್ಲ, ಅದನ್ನು ತೂಕ ಮಾಡಿಯೇ ನೋಡಬೇಕು.

ಕೊಳ್ಳುವಾಗ ಐಎಸ್ಐ ಗುರುತು, ಐಎಸ್ 15683 ಎಂಬ ನಂಬರು ನೋಡಿದರೆ ಸಾಕು. ಎರಡು ಕಿಲೋದ್ದು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ, ಟ್ರಯಲ್‌ಗೆಂದು ಅದರಲ್ಲಿ ಪಾಲಿಲ್ಲ. ಒಲೆಯ ಪಕ್ಕ ತೂಗುಹಾಕಬೇಡಿ, ಬೆಂಕಿ ದಾಟಿ ಕೈ ಹಾಕಬೇಕಾದೀತು. ಅಡುಗೆಮನೆ ಬಾಗಿಲ ಹೊರಗೆ ಇರಲಿ. ಬಂಗುಡೆ ಕಾಯಿಸುವ ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ, ಮುಚ್ಚಳ ಮುಚ್ಚಿ. ನೀರಂತೂ ಬೇಡವೇ ಬೇಡ. ಹತ್ತಿರದಿಂದ ಪೌಡರ್ ಹೊಡೆದರೆ ಎಣ್ಣೆ ಹಾರೀತು. ಕೈಮೀರುತ್ತಿದೆ ಅನಿಸಿದರೆ ಹೊರಗೆ ಓಡಿ 112ಕ್ಕೆ ಫೋನ್ ಮಾಡಿ, ಶೂರತನ ಬೇಡ.

ಹಾಗಾದರೆ ಕಲಿಯುವುದು ಹೇಗೆ? ರೀಫಿಲ್‌ಗೆ ಕೊಡುವ ದಿನ, ಕೊಡುವ ಮೊದಲು ಅಂಗಳದಲ್ಲಿ ಪೂರ್ತಿ ಹೊಡೆದು ಕಲಿಯಿರಿ. ಹೇಗೂ ಖಾಲಿ ಮಾಡುವುದೇ. ಬಿಜೈಯ ರಿಟೈರ್ಡ್ ಬ್ಯಾಂಕಿನವರೊಬ್ಬರಿಗೆ ಹೀಗೇ ಹೇಳಿಕೊಟ್ಟೆ. ಪಿನ್ ಎಳೆದರು, ಬೆಂಕಿಯ ಬುಡಕ್ಕೆಂಬಂತೆ ಗುರಿಯಿಟ್ಟರು, ಎಲ್ಲ ಸರಿಯಾಗಿಯೇ ಮಾಡಿದರು. ಗಾಳಿ ಯಾವ ಕಡೆಗೆ ಎಂದು ಇಬ್ಬರೂ ನೋಡಲಿಲ್ಲ. ಚಾಪೆಯಲ್ಲಿ ಒಣಗಲು ಹಾಕಿದ್ದ ಹಲಸಿನ ಹಪ್ಪಳದ ಮೇಲೆಲ್ಲ ಹಳದಿ ಹುಡಿ. ಅಷ್ಟೂ ಎಸೆಯಬೇಕಾಯಿತು. ಮುಂದಿನ ಸಲ ಅವರು ಫೋನ್ ಮಾಡಿದಾಗ ಹಿಂದಿನಿಂದ ಹೆಂಡತಿಯ ಸ್ವರ ಕೇಳಿತು: "ಹಪ್ಪಳ ಒಳಗೆ ತಂದ ಮೇಲೆ ಬರ್ಲಿಕ್ಕೆ ಹೇಳಿ ಅವರಿಗೆ."